ಹೊಸ ಟ್ಯಾಬ್‌ಗೆ ಕಾಯಬೇಕೆ? ಕಾದರೆ ಅದರಲ್ಲಿ ಏನು ಸಿಗಬೇಕು?

ಪ್ರಶ್ನೆ: ಸಾಗರ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಐದು ವರ್ಷದ ಹಿಂದೆ ಕೊಂಡ ಅಗ್ಗದ ಟ್ಯಾಬ್ ಈಗ ತೀರಾ ನಿಧಾನವಾಗಿದೆ, ಮಧ್ಯಾಹ್ನದೊಳಗೆ ಚಾರ್ಜ್ ಮುಗಿಯುತ್ತದೆ. ಇತ್ತೀಚೆಗೆ ಪರದೆಯ ಒಂದು ಅಂಚು ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ. ಹೊಸದು ಕೊಳ್ಳೋಣವೆಂದರೆ ಮಗ, ‘ಸ್ವಲ್ಪ ತಡಿ ಅಮ್ಮ, ಮಡಚುವ ಟ್ಯಾಬ್ ಬರ್ತದಂತೆ, ಕಡಿಮೆ ಬೆಲೆಯದರಲ್ಲೂ ಓಎಲ್‌ಇಡಿ ಬರ್ತದಂತೆ, ಎಐ ಬರ್ತದಂತೆ’ ಎನ್ನುತ್ತಾನೆ. ಮನೆಗೆಲ್ಲ ಒಂದೇ ಟ್ಯಾಬ್. ಬೆಳಿಗ್ಗೆ ಮಾವನವರು ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಾರೆ, ಹಗಲು ನನ್ನ ಜೊತೆ ಶಾಲೆಗೆ ಬರುತ್ತದೆ, ರಾತ್ರಿ ದ್ವಿತೀಯ ಪಿಯುಸಿ ಓದುವ ಮಗಳ ಕೈಯಲ್ಲಿರುತ್ತದೆ. ಕನ್ನಡದಲ್ಲಿ ಪೆನ್ ಹಿಡಿದು ಟಿಪ್ಪಣಿ ಬರೆಯುವ ಆಸೆ ನನಗೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಟ್ಯಾಬ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಕೆಲವೊಮ್ಮೆ ಎರಡು ದಿನ ಬರುವುದಿಲ್ಲ. 35 ಸಾವಿರಕ್ಕಿಂತ ಹೆಚ್ಚು ಹಾಕಲಾರೆ. ಕಾಯಲೇ, ಈಗಲೇ ಕೊಳ್ಳಲೇ? ಹೊಸ ಟ್ಯಾಬ್ ಎಂದ ಮೇಲೆ ಅದರಲ್ಲಿ ನಿಜವಾಗಿ ಏನಿರಬೇಕು? ರಾತ್ರಿ ಹೊತ್ತು ನೋಡಿ ನೋಡಿ ಮಗಳ ಕಣ್ಣು ಹಾಳಾದೀತೇ?

ಉತ್ತರ: ನೀವು ಕೊನೆಗೆ ಕೇಳಬಹುದಾಗಿದ್ದ ವಿಷಯದಿಂದ ಶುರು ಮಾಡುತ್ತೇನೆ. ಪರದೆಯ ಅಂಚು ಮೇಲೆದ್ದಿದೆ ಎಂದಿದ್ದೀರಿ. ಬಹುಮಟ್ಟಿಗೆ ಅದು ಬ್ಯಾಟರಿ ಉಬ್ಬಿರುವ ಲಕ್ಷಣ. ಹಳೆಯ ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಚೀಲದಂತಿರುವ ಹೊದಿಕೆ ಊದಿ ಪರದೆಯನ್ನು ಒಳಗಿನಿಂದ ತಳ್ಳುತ್ತದೆ. ಇವತ್ತಿನಿಂದಲೇ ಅದನ್ನು ಚಾರ್ಜಿಗೆ ಹಾಕಬೇಡಿ. ಅಂಚನ್ನು ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಉಳಿದ ಚಾರ್ಜಿನಲ್ಲಿ ಬೇಕಾದ ಫೈಲುಗಳನ್ನು ತೆಗೆದುಕೊಂಡು ಆಫ್ ಮಾಡಿ, ಹಾಸಿಗೆ, ಪುಸ್ತಕದ ಕಪಾಟುಗಳಿಂದ ದೂರ, ಕಲ್ಲು ಅಥವಾ ಸಿಮೆಂಟಿನ ಮೇಲೆ ಇಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ಅಥವಾ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹಾಗಾಗಿ ‘ಹಳೆಯದರಲ್ಲೇ ಇನ್ನೊಂದು ವರ್ಷ ತಳ್ಳಿದರಾಯಿತು’ ಎಂಬ ದಾರಿ ನಿಮಗಿಲ್ಲ. ಕಾಯುವುದಾದರೆ ಟ್ಯಾಬ್ ಇಲ್ಲದೆ ಕಾಯಬೇಕು.

ಈಗ ನಿಮ್ಮ ಮಗನ ‘ಅಂತೆ’ಗಳ ವಿಷಯ. ಅವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಸುದ್ದಿ ಎಲ್ಲಿಂದ ಸೋರುತ್ತದೆ ಎಂದು ತಿಳಿದರೆ ಯಾವುದನ್ನು ನಂಬಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಪರದೆಯ ಅಳತೆ, ಅದರ ಬಗೆ ತುಂಬ ಮೊದಲೇ ನಿರ್ಧಾರವಾಗಿರುತ್ತದೆ. ಪರದೆ ಮಾಡುವ ಕಾರ್ಖಾನೆಗಳು ಕಡಿಮೆ, ಆರ್ಡರು ದೊಡ್ಡದು, ವಿಷಯ ಹೊರಗೆ ಬರುತ್ತದೆ. ಆದ್ದರಿಂದ ಪರದೆಯ ಬಗೆಗಿನ ಗಾಳಿಸುದ್ದಿಯಲ್ಲಿ ಹುರುಳಿರುವುದೇ ಹೆಚ್ಚು. ಹೊರ ಅಳತೆಯ ಸುದ್ದಿ ಕವರ್ ತಯಾರಕರಿಂದ ಬರುತ್ತದೆ, ಅದೂ ಸುಮಾರಾಗಿ ಸರಿ ಇರುತ್ತದೆ. ನಮ್ಮ ದೇಶದಲ್ಲಿ ಮಾರುವ ಟ್ಯಾಬ್ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಪಡೆಯಲೇಬೇಕು. ಅಲ್ಲಿ ಹೊಸ ಮಾದರಿಯ ಸಂಖ್ಯೆ ಕಂಡಿತೆಂದರೆ ಅದು ಬರುವುದು ಹೆಚ್ಚುಕಡಿಮೆ ಖಚಿತ, ಆದರೆ ಒಳಗೇನಿದೆ ಎಂದು ಆ ಸಂಖ್ಯೆ ಹೇಳುವುದಿಲ್ಲ. ಸಾಧನಗಳ ವೇಗ ಅಳೆದು ಅಂಕ ಕೊಡುವ ಜಾಲತಾಣಗಳ ಪಟ್ಟಿಗಳಲ್ಲಿ ಸಾಧನದ ಹೆಸರನ್ನು ಯಾರು ಬೇಕಾದರೂ ಬದಲಿಸಿ ಹಾಕಬಹುದು. ಬೆಲೆ ಮತ್ತು ಬಿಡುಗಡೆಯ ದಿನವನ್ನಂತೂ ಕಂಪನಿ ಕೊನೆಯ ಗಳಿಗೆಯವರೆಗೆ ಬದಲಾಯಿಸುತ್ತಲೇ ಇರುತ್ತದೆ. ನೀವು ಕಾಯಬೇಕೋ ಬೇಡವೋ ಎಂಬುದು ನಿಂತಿರುವುದೇ ಬೆಲೆ ಮತ್ತು ದಿನಾಂಕದ ಮೇಲೆ. ಅವೆರಡೂ ಗಾಳಿಸುದ್ದಿಯಲ್ಲಿ ಅತ್ಯಂತ ದುರ್ಬಲವಾದ ಭಾಗ.

ಇದಕ್ಕೆ ಹಳೆಯ ಉದಾಹರಣೆ ಇದೆ. 2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಪ್ಯಾಡ್ ತೋರಿಸುವ ಮುಂಚಿನ ತಿಂಗಳುಗಳಲ್ಲಿ ಜಗತ್ತೆಲ್ಲ ಅದರ ಬಗ್ಗೆ ಊಹೆ ಮಾಡುತ್ತಿತ್ತು. ಹೆಸರು ‘ಐಸ್ಲೇಟ್’ ಎಂದರು, ಬೆಲೆ ಸಾವಿರ ಡಾಲರ್ ಆಸುಪಾಸು ಎಂದರು, ಕ್ಯಾಮೆರಾ ಇದ್ದೇ ಇರುತ್ತದೆ ಎಂದರು. ಬಂದದ್ದು 499 ಡಾಲರಿನಿಂದ ಶುರುವಾಗುವ, ಕ್ಯಾಮೆರಾ ಇಲ್ಲದ 9.7 ಇಂಚಿನ ಯಂತ್ರ. ಕ್ಯಾಮೆರಾ ಮರುವರ್ಷದ ಮಾದರಿಗೆ ಬಂತು. ಪರದೆ ಸುಮಾರು ಹತ್ತು ಇಂಚು ಎಂದು ಊಹಿಸಿದವರು ಮಾತ್ರ ಗೆದ್ದರು. ಅದೇ ಹೊತ್ತಿಗೆ ಮೈಕ್ರೋಸಾಫ್ಟಿನ ‘ಕೊರಿಯರ್’ ಎಂಬ ಎರಡು ಪರದೆಯ, ಪುಸ್ತಕದಂತೆ ತೆರೆಯುವ ಸಾಧನದ ಚಿತ್ರಗಳು ಸೋರಿ ಎಲ್ಲರ ಮನ ಗೆದ್ದಿದ್ದವು. ಪೆನ್ನಿನಲ್ಲಿ ಬರೆಯಲು ಅದಕ್ಕಿಂತ ಒಳ್ಳೆಯ ಕಲ್ಪನೆ ಆಗ ಇರಲಿಲ್ಲ. 2010ರ ಏಪ್ರಿಲ್‌ನಲ್ಲಿ, ಅದನ್ನು ತಯಾರಿಸುವುದಿಲ್ಲ ಎಂದು ಕಂಪನಿಯೇ ಹೇಳಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರಿಗೆ ಕುಲಾವಿಯೇ ಉಳಿಯಿತು.

ಮಡಚುವ ಟ್ಯಾಬ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ನಿಮಗೆ ಅದು ಬೇಡ. ಮಡಚುವ ಪರದೆ ಕನಸಲ್ಲ. ಲೆನೊವೊ 2020ರಲ್ಲೇ ಮಡಚುವ ಪರದೆಯ ಕಂಪ್ಯೂಟರ್ ಮಾರಿತು, ಹುವಾವೇ 2024ರಲ್ಲಿ ಮೂರು ಮಡಿಕೆಯ ಫೋನ್ ತಂದಿತು. ಆದರೆ ಮಡಚಬೇಕೆಂದರೆ ಗಾಜು ಕೂದಲೆಳೆಯಷ್ಟು ತೆಳುವಾಗಿರಬೇಕು, ಮೇಲೊಂದು ಮೃದು ಪದರ ಇರಬೇಕು. ಪೆನ್ನಿನ ತುದಿ ದಿನವೂ ಒತ್ತುವ ಜಾಗಕ್ಕೆ ಇದು ಒಳ್ಳೆಯ ನೆಲವಲ್ಲ. ಕೀಲಿನೊಳಗೆ ಸೀಮೆಸುಣ್ಣದ ಪುಡಿ ಸೇರುವುದು ಶಾಲೆಯಲ್ಲಿ ತಪ್ಪಿದ್ದಲ್ಲ. ಬೆಲೆಯೂ ನಿಮ್ಮ ಅಂದಾಜಿನ ಹಲವು ಪಟ್ಟು. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್‌ಇಡಿ ಪರದೆ ಕಡಿಮೆ ಬೆಲೆಯ ಟ್ಯಾಬಿಗೂ ಇಳಿದು ಬರುವುದು ಸಹಜ, ಬರಲಿ. ಕಪ್ಪು ನಿಜವಾಗಿ ಕಪ್ಪಾಗಿ ಕಾಣುವ ಆ ಪರದೆ ಸಿನಿಮಾಕ್ಕೆ ಸೊಗಸು. ಬಿಳಿ ಹಾಳೆಯ ಮೇಲಿನ ಕಪ್ಪಕ್ಷರ ಓದುವವರಿಗೆ ಅದರಿಂದ ಸಿಗುವ ಲಾಭ ಕಡಿಮೆ. ಬೆಳಕನ್ನು ವೇಗವಾಗಿ ಆರಿಸಿ ಹೊತ್ತಿಸುತ್ತ ಪ್ರಖರತೆ ಕಡಿಮೆ ಮಾಡುವ ಓಎಲ್‌ಇಡಿ ಪರದೆಗಳಲ್ಲಿ ಕೆಲವರಿಗೆ ತಲೆನೋವು ಬರುವುದನ್ನು ಪರದೆ ಪರೀಕ್ಷಿಸುವ ನನ್ನ ಕೆಲಸದಲ್ಲಿ ಕಂಡಿದ್ದೇನೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆಗುವವರಿಗೆ ಅದು ಭ್ರಮೆಯಲ್ಲ.

ಹಾಗಾದರೆ ಹೊಸ ಟ್ಯಾಬಿನಲ್ಲಿ ಏನಿರಬೇಕು? ನನ್ನ ವೃತ್ತಿ ಟಚ್ ಪರದೆಗಳ ಪರೀಕ್ಷೆ. ಹೊಸ ಮಾದರಿಯ ಸುದ್ದಿ ಬಂದಾಗಲೆಲ್ಲ ಜನ ದಪ್ಪ ಎಷ್ಟು, ಚಿಪ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಇವು ಮೂರೂ ಇಲ್ಲ. ಒಂದೇ ಟ್ಯಾಬನ್ನು ಮೂರು ತಲೆಮಾರು ಬಳಸುತ್ತದೆ, ಜಗಲಿಯ ಹಗಲಿನಲ್ಲಿ ಓದಬೇಕು, ಕನ್ನಡ ಬರೆಯಬೇಕು, ಕರೆಂಟಿಲ್ಲದೆ ನಡೆಯಬೇಕು, ಐದು ವರ್ಷಕ್ಕೆ ಉಬ್ಬಿ ಒಡೆಯಬಾರದು. ಟ್ಯಾಬ್ ಮಾಡುವವರ ಮೇಜಿನ ಮೇಲೆ ಇರಬೇಕಾದ ಪಟ್ಟಿ ಇದೇ. ಮುಂದೆ ಹೇಳುವುದೆಲ್ಲ ಈ ಪಟ್ಟಿಯ ವಿವರಣೆ.

ಮೊದಲು ಓದು. ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಹಿಡಿಯುವುದರಿಂದ ನಾವು ಮೋಸಹೋಗುತ್ತೇವೆ. ಹಳೆಯ 9.7 ಇಂಚಿನ, ನಾಲ್ಕಕ್ಕೆ ಮೂರರ ಆಕಾರದ ಪರದೆಯನ್ನು ಉದ್ದಕ್ಕೆ ಹಿಡಿದರೆ ಅಗಲ 5.8 ಇಂಚು. ಇಂದಿನ 11 ಇಂಚಿನ, ಹದಿನಾರಕ್ಕೆ ಹತ್ತರ ಆಕಾರದ ಪರದೆಯ ಅಗಲವೂ 5.8 ಇಂಚೇ! ಹೆಚ್ಚಾದದ್ದು ಬರೀ ಎತ್ತರ. ಪಠ್ಯಪುಸ್ತಕ, ಸುತ್ತೋಲೆ, ಎ4 ಹಾಳೆಯ ಪಿಡಿಎಫ್ ಓದುವಾಗ ಅಕ್ಷರ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅಗಲದ ಮೇಲೆ ನಿಂತಿದೆ. ಎ4 ಹಾಳೆಯ ಅಗಲ 8.27 ಇಂಚು. ಅದನ್ನು 5.8ರಲ್ಲಿ ಕೂರಿಸಿದರೆ ಎಲ್ಲವೂ ಮೂಲದ ಶೇ 70ಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ಓದುಗರು ಇದನ್ನು ಹೇಗೋ ಸಹಿಸಿಯಾರು. ನಮ್ಮಲ್ಲಿ ಒತ್ತಕ್ಷರಗಳಿವೆ. ‘ರಾಷ್ಟ್ರ’, ‘ವೈಶಿಷ್ಟ್ಯ’ ಎಂಬಲ್ಲಿ ಸಾಲಿನ ಕೆಳಗೆ ಇಳಿಯುವ ಚಿಕ್ಕ ಒತ್ತುಗಳೇ ಮೊದಲು ಕಲಸಿಹೋಗುವುದು. ಆದ್ದರಿಂದ ಓದುವ ಮನೆಗೆ ಚೌಕಕ್ಕೆ ಹತ್ತಿರವಾದ ಪರದೆ ಉತ್ತಮ. ಉದ್ದ ಪರದೆ ಸಿನಿಮಾಕ್ಕೆ ಮಾಡಿದ್ದು.

ಅಕ್ಷರದ ಸ್ಪಷ್ಟತೆಗೂ ಒಂದು ಲೆಕ್ಕವಿದೆ. ಆರೋಗ್ಯವಾದ ಕಣ್ಣು 40 ಸೆಂಟಿಮೀಟರ್ ದೂರದಿಂದ ಒಂದು ಇಂಚಿನಲ್ಲಿ ಸುಮಾರು 220 ಚುಕ್ಕೆಗಳವರೆಗೆ ಬೇರ್ಪಡಿಸಿ ನೋಡಬಲ್ಲದು. 11 ಇಂಚಿನಲ್ಲಿ 1920×1200 ಚುಕ್ಕೆ ಇದ್ದರೆ ಇಂಚಿಗೆ 206 ಆಯಿತು, ಸಾಕು. 10.1 ಇಂಚಿನಲ್ಲಿ 1280×800 ಇದ್ದರೆ ಇಂಚಿಗೆ 149 ಮಾತ್ರ. ಅದರಲ್ಲಿ ಒತ್ತಕ್ಷರ ಮಸುಕಾಗುತ್ತದೆ. ಹತ್ತು ಹನ್ನೆರಡು ಸಾವಿರದ ಟ್ಯಾಬ್‌ಗಳಲ್ಲಿ ಈ ಎರಡನೆಯ ಬಗೆ ಈಗಲೂ ಕಾಣುತ್ತದೆ, ನೋಡಿ ಕೊಳ್ಳಿ. ಅತ್ತ 300 ದಾಟಿದರೆ ನಿಮ್ಮ ಮಾವನವರಿಗೆ ಅದರಿಂದ ಹೆಚ್ಚಿನ ಉಪಕಾರವಿಲ್ಲ.

ಜಗಲಿಯ ಓದು ಇನ್ನೂ ಕಷ್ಟದ್ದು. ಅಲ್ಲಿ ಹೊರಗಿನ ಬೆಳಕು ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಗಾಜು ಮತ್ತು ಗಾಳಿ ಸಂಧಿಸುವ ಪ್ರತಿ ಮೇಲ್ಮೈ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅಗ್ಗದ ಟ್ಯಾಬಿನಲ್ಲಿ ಹೊರ ಗಾಜಿಗೂ ಒಳ ಪರದೆಗೂ ನಡುವೆ ಗಾಳಿಯ ಸಂದು ಇರುತ್ತದೆ. ಅಂದರೆ ಮೂರು ಮೇಲ್ಮೈ, ಒಟ್ಟು ಶೇ 12ರ ಹತ್ತಿರ. ಗಾಜು ಮತ್ತು ಪರದೆಯನ್ನು ಅಂಟಿಸಿ ಒಂದು ಮಾಡಿದ, ಲ್ಯಾಮಿನೇಟೆಡ್ ಎನ್ನುವ ಪರದೆಯಲ್ಲಿ ಮೇಲಿನದೊಂದೇ ಉಳಿಯುತ್ತದೆ, ಶೇ 4. ಪರದೆಯ ಪ್ರಖರತೆಯನ್ನು 400 ನಿಟ್‌ನಿಂದ 600ಕ್ಕೆ ಏರಿಸಿದ್ದೇವೆ ಎಂಬ ಜಾಹೀರಾತಿಗಿಂತ ಈ ಅಂಟಿಸುವ ಕೆಲಸ ಹೆಚ್ಚು ಉಪಯುಕ್ತ, ಬ್ಯಾಟರಿಯನ್ನೂ ತಿನ್ನುವುದಿಲ್ಲ. ಪೆನ್ನಿಗೂ ಇದು ಬೇಕೇಬೇಕು. ಸಂದು ಇರುವ ಪರದೆಯಲ್ಲಿ ಪೆನ್ನಿನ ತುದಿ ಒಂದು ಕಡೆ, ಗೆರೆ ಮೂಡುವುದು ಅದರ ಕೆಳಗೆ ಇನ್ನೊಂದು ಕಡೆ ಎಂಬಂತಾಗಿ ಕೈ ತಪ್ಪುತ್ತದೆ.

ಬಿಸಿಲಿನಲ್ಲಿ ಓದುವ ಟ್ಯಾಬಿನ ಕನಸು ನಮ್ಮ ಬೆಂಗಳೂರಿನದೂ ಹೌದು. ನೋಷನ್ ಇಂಕ್ ಎಂಬ ಇಲ್ಲಿನ ಪುಟ್ಟ ಕಂಪನಿ 2011ರ ಆರಂಭದಲ್ಲಿ ‘ಆ್ಯಡಂ’ ಎಂಬ ಟ್ಯಾಬ್ ಮಾರಾಟಕ್ಕೆ ತಂದಿತು. ಅದರ ಒಂದು ಮಾದರಿಯಲ್ಲಿ ಅಮೆರಿಕದ ಪಿಕ್ಸೆಲ್ ಚೀ ಕಂಪನಿಯ ಪರದೆ ಇತ್ತು. ಹಿಂದಿನ ದೀಪ ಆರಿಸಿದರೂ ಹೊರಗಿನ ಬೆಳಕಿನಲ್ಲೇ ಓದಬಹುದಾಗಿತ್ತು. ಕಂಪನಿ ನೆಲೆಯೂರಲಿಲ್ಲ, ಆ ಪರದೆಯೂ ಮುಖ್ಯ ಮಾರುಕಟ್ಟೆಗೆ ಬರಲಿಲ್ಲ. ಇದು ನನಗೆ ಇಂದಿಗೂ ಬೇಸರದ ವಿಷಯ. ಬಿಸಿಲಿನ ನಾಡಿಗೆ ಬೇಕಾದ ಪರದೆಯನ್ನು ಬಿಸಿಲಿನ ನಾಡಿನವರೇ ಟ್ಯಾಬಿಗೆ ತಂದಿದ್ದರು. ಹೊಸ ಟ್ಯಾಬ್ ಏನು ಕೊಡಬೇಕು ಎಂದು ನನ್ನನ್ನು ಕೇಳಿದರೆ, ಮಡಿಕೆಗಿಂತ ಮೊದಲು ಇದನ್ನು ಕೇಳುತ್ತೇನೆ.

ಇನ್ನು ಬರವಣಿಗೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಟಚ್ ಪರದೆ ಇದ್ದರೆ ಯಾವ ಪೆನ್ನಾದರೂ ನಡೆಯುತ್ತದೆ ಎಂಬುದು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ತಂದ ‘ಆಕಾಶ್’ ಟ್ಯಾಬ್ ನೆನಪಿರಬಹುದು. ಅದರದು ಒತ್ತಿದರೆ ಎರಡು ಪದರ ಒಂದಕ್ಕೊಂದು ತಗುಲಿ ಗುರುತಿಸುವ ಹಳೆಯ ಬಗೆಯ ಪರದೆ. ಉಗುರು, ಕಡ್ಡಿ ಏನಾದರೂ ನಡೆಯುತ್ತಿತ್ತು, ಆದರೆ ಬೆರಳಿನಿಂದ ಸಲೀಸಾಗಿ ಸವರಲು ಆಗುತ್ತಿರಲಿಲ್ಲ. 7 ಇಂಚು, 256 ಎಂಬಿ ಮೆಮೊರಿ, ಮೂರು ಗಂಟೆಯೂ ಸರಿಯಾಗಿ ಬಾರದ ಬ್ಯಾಟರಿ. ಮಕ್ಕಳಿಗೆ ಅಗ್ಗದ ಟ್ಯಾಬ್ ಕೊಡಬೇಕೆಂಬ ಉದ್ದೇಶ ದೊಡ್ಡದಿತ್ತು, ಸಾಧನ ಅದಕ್ಕೆ ತಕ್ಕಂತಿರಲಿಲ್ಲ. ಮರುವರ್ಷದ ‘ಆಕಾಶ್ 2’ರಲ್ಲಿ ಇಂದು ಎಲ್ಲೆಡೆ ಇರುವ ಬಗೆಯ ಪರದೆ ಬಂತು. ಅದು ಬೆರಳಿನ ಸ್ಪರ್ಶದಿಂದ ಆಗುವ ವಿದ್ಯುತ್ ಕ್ಷೇತ್ರದ ಬದಲಾವಣೆಯನ್ನು ಅಳೆಯುತ್ತದೆ. ಆದ್ದರಿಂದ ನೂರಿನ್ನೂರು ರೂಪಾಯಿಯ ರಬ್ಬರ್ ತುದಿಯ ಪೆನ್ ಅದಕ್ಕೆ ಇನ್ನೊಂದು ದಪ್ಪ ಬೆರಳು, ಅಷ್ಟೇ. ಅಂಗೈ ತಗುಲಿದರೂ ಗೆರೆ ಬೀಳುತ್ತದೆ. ಕನ್ನಡ ಬರೆಯಲು ಬೇಕಾದದ್ದು ಟ್ಯಾಬಿನೊಂದಿಗೆ ಮಾತಾಡುವ ಪೆನ್: ತನ್ನದೇ ಸಂಕೇತ ಕಳಿಸಿ, ‘ಇದು ಪೆನ್, ಅದು ಅಂಗೈ’ ಎಂದು ತಿಳಿಸುವಂಥದ್ದು. ಅದರಲ್ಲೂ ಪರದೆಯ ಹಿಂದಿನ ಫಲಕದಿಂದಲೇ ಶಕ್ತಿ ಪಡೆದು, ಸ್ವಂತ ಬ್ಯಾಟರಿ ಇಲ್ಲದೆ ಬರೆಯುವ ವೇಕಮ್ ತಂತ್ರಜ್ಞಾನದ ಪೆನ್ನುಗಳು ನಿಮಗೆ ಹೊಂದುತ್ತವೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಬಗೆಯದು, ಅವರ ಇತ್ತೀಚಿನ ಎಸ್ ಸರಣಿಯ ಟ್ಯಾಬ್ ಜೊತೆಗೇ ಬರುತ್ತದೆ. ಆ್ಯಪಲ್ ಪೆನ್ಸಿಲ್ ಬಲು ಚೆನ್ನಾಗಿ ಬರೆಯುತ್ತದೆ, ಆದರೆ ಬೇರೆಯಾಗಿ ಕೊಳ್ಳಬೇಕು, ಚಾರ್ಜ್ ಮಾಡುತ್ತಿರಬೇಕು. ಬೆಲೆ ಹೋಲಿಸುವಾಗ ಪೆನ್ನನ್ನೂ ಕವರನ್ನೂ ಸೇರಿಸಿಯೇ ಲೆಕ್ಕ ಹಾಕಿ.

ನಿಮ್ಮ ಕೈಬರಹ ಅಚ್ಚಕ್ಷರವಾಗುತ್ತದೆಯೇ? ಆಂಡ್ರಾಯ್ಡ್ ಟ್ಯಾಬಿನಲ್ಲಿ ಗೂಗಲ್ ಕೀಲಿಮಣೆಗೆ ಕನ್ನಡ ಸೇರಿಸುವಾಗ ಕೈಬರಹದ ಆಯ್ಕೆಯೂ ಸಿಗುತ್ತದೆ. ನಿಧಾನವಾಗಿ, ಬಿಡಿಸಿ ಬರೆದರೆ ಚೆನ್ನಾಗಿಯೇ ಗುರುತಿಸುತ್ತದೆ. ಅವಸರದಲ್ಲಿ ಬರೆದರೆ ಪ, ಷ, ಫಗಳು, ದ ಮತ್ತು ಧ, ಮ ಮತ್ತು ವ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಒತ್ತಕ್ಷರಕ್ಕೆ ಬರೆಯುವ ಪೆಟ್ಟಿಗೆಯ ಎತ್ತರವೇ ಸಾಲುವುದಿಲ್ಲ, ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಕೆಳಗಿಳಿಯುವ ಲಿಪಿ ಇದ್ದಂತೆ ಕಾಣುವುದಿಲ್ಲ. ಉದ್ದನೆಯ ಪಾಠ ಟಿಪ್ಪಣಿಗೆ ನಾನು ಸಲಹೆ ಮಾಡುವುದು ಬೇರೆ: ಬಾಯಲ್ಲಿ ಹೇಳಿ ಬರೆಸಿ, ಆಮೇಲೆ ತಿದ್ದಿ. ಚಿತ್ರ, ಸಮೀಕರಣ, ಅಂಚಿನ ಗುರುತುಗಳನ್ನು ಪೆನ್ನಿನಲ್ಲಿ ಬರೆದು ಹಾಗೆಯೇ ಇಟ್ಟುಕೊಳ್ಳಿ. ಬರೆದಿಟ್ಟ ಟಿಪ್ಪಣಿಯಲ್ಲಿ ಒಂದು ಪದ ಹುಡುಕಿದರೆ ಇಂಗ್ಲಿಷಿನಲ್ಲಿ ಸಿಗುವಷ್ಟು ಸುಲಭವಾಗಿ ಕನ್ನಡದಲ್ಲಿ ಸಿಗುವುದಿಲ್ಲ. ‘ಎಐ ಟ್ಯಾಬ್’ ಎಂದು ಮಾರುವವರು ಮೊದಲು ಮಾಡಿಕೊಡಬೇಕಾದ ಕೆಲಸ ಇದು. ಆ ಹೆಸರಿಗಾಗಿ ಹೆಚ್ಚು ಹಣ ಕೊಡುವ ಮುಂಚೆ ಕನ್ನಡದಲ್ಲಿ ಏನೇನು ಮಾಡುತ್ತದೆ ಎಂದು ಮಳಿಗೆಯಲ್ಲೇ ಮಾಡಿಸಿ ನೋಡಿ.

ನಾವು ಕೇಳದೆ ಯಾರೂ ಕೊಡುವುದಿಲ್ಲ ಎಂಬುದಕ್ಕೆ ಅಮೆಜಾನಿನ ಇ-ಪುಸ್ತಕ ವ್ಯವಸ್ಥೆಯಾದ ಕಿಂಡಲ್ ಸಾಕ್ಷಿ. 2016ರಲ್ಲಿ ಅದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ.

ಹಂಚಿಕೊಂಡು ಬಳಸುವ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಅದು. ಟ್ಯಾಬ್ ಕಂಪನಿಗಳು ಒಬ್ಬ ಮನುಷ್ಯನಿಗೆ ಒಂದು ಟ್ಯಾಬ್ ಎಂದುಕೊಂಡು ಎಲ್ಲವನ್ನೂ ರೂಪಿಸುತ್ತವೆ. ಇದಕ್ಕೆ ವಿರುದ್ಧವಾಗಿ ಯೋಚಿಸಿದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು ಸೇರಿ ರೂಪಿಸಿ, 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಸಿಂಪ್ಯೂಟರ್ ಅಂಗೈಯಗಲದ ಟಚ್ ಪರದೆಯ ಕಂಪ್ಯೂಟರ್. ಹಳ್ಳಿಗೆ ಒಂದಿದ್ದರೂ ಸಾಕು, ಪ್ರತಿಯೊಬ್ಬರ ಕೈಯಲ್ಲಿ ಒಂದು ಸ್ಮಾರ್ಟ್ ಕಾರ್ಡ್ ಇರಲಿ, ಕಾರ್ಡ್ ತೂರಿಸಿದವರ ಮಾಹಿತಿ ಅವರಿಗೆ ಸಿಗಲಿ ಎಂಬುದು ಅದರ ಹಿಂದಿನ ಯೋಚನೆ. ಓದು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಅದಕ್ಕೆ ಸೇರಿಸಿದ್ದರು. ಐಪ್ಯಾಡ್ ಬರುವ ಆರು ವರ್ಷ ಮುಂಚೆ! ಅದು ಮಾರಾಟದಲ್ಲಿ ಗೆಲ್ಲಲಿಲ್ಲ, ಆದರೆ ಅದು ಕೇಳಿಕೊಂಡ ಪ್ರಶ್ನೆ ನಿಮ್ಮ ಮನೆಯಲ್ಲಿ ಇನ್ನೂ ಜೀವಂತವಾಗಿದೆ.

ಇಂದು ಇದಕ್ಕೆ ಸಿಗುವ ಉತ್ತರ ಆಂಡ್ರಾಯ್ಡ್‌ನ ಬಹುಬಳಕೆದಾರ ವ್ಯವಸ್ಥೆ. 2012ರಿಂದ ಟ್ಯಾಬ್‌ಗಳಲ್ಲಿದೆ, ಬಳಸುವವರು ಕಡಿಮೆ. ಸೆಟ್ಟಿಂಗ್ಸ್‌ನಲ್ಲಿ ಮೂವರಿಗೂ ಬೇರೆ ಬೇರೆ ಖಾತೆ ತೆರೆಯಿರಿ. ಮಾವನವರ ಖಾತೆಯಲ್ಲಿ ಅಕ್ಷರ ದೊಡ್ಡದು, ಆ್ಯಪ್ ಎರಡೋ ಮೂರೋ. ಮಗಳ ಖಾತೆಯಲ್ಲಿ ಅವಳ ಪಾಠಗಳು. ನಿಮ್ಮ ಪ್ರಶ್ನೆಪತ್ರಿಕೆಗಳು ನಿಮ್ಮ ಪಾಸ್‌ವರ್ಡ್ ಹಿಂದೆ. ಪ್ರತಿ ಖಾತೆಗೂ ಜಾಗ ಬೇಕಾದ್ದರಿಂದ 128 ಜಿಬಿ ಸಂಗ್ರಹ, 8 ಜಿಬಿ ರ‍್ಯಾಮ್ ಇರಲಿ. ‘8 ಜಿಬಿ ಮತ್ತು ಇನ್ನೊಂದು 8 ಜಿಬಿ’ ಎಂಬ ಜಾಹೀರಾತಿನ ಎರಡನೆಯ ಭಾಗ ರ‍್ಯಾಮ್ ಅಲ್ಲ, ಸಂಗ್ರಹದಿಂದ ಕಡ ತಂದ ಜಾಗ. ಅದು ನಿಧಾನ. ಕೆಲವು ತಯಾರಕರು ಬಹುಬಳಕೆದಾರ ಆಯ್ಕೆಯನ್ನೇ ತೆಗೆದುಹಾಕಿರುತ್ತಾರೆ, ಹಣ ಕೊಡುವ ಮುಂಚೆ ಸೆಟ್ಟಿಂಗ್ಸ್ ತೆರೆಸಿ ನೋಡಿ. ಮನೆಯಲ್ಲಿ ಕೊಂಡು ಬಳಸುವ ಐಪ್ಯಾಡಿನಲ್ಲಿ ಈ ವ್ಯವಸ್ಥೆ ಇಲ್ಲ, ಶಾಲೆ, ಕಚೇರಿಗಳು ನಿರ್ವಹಿಸುವ ಐಪ್ಯಾಡ್‌ಗಳಿಗೆ ಮಾತ್ರ ಹಂಚಿಕೆಯ ಸೌಲಭ್ಯ. ಬೇರೆಲ್ಲ ವಿಷಯದಲ್ಲಿ ಚೆನ್ನಾಗಿರುವ ಅದನ್ನು ನಿಮಗೆ ಹೇಳದಿರಲು ಇದೇ ಕಾರಣ.

ಬಾಳಿಕೆಯ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ, ಅದು ಗಾಳಿಸುದ್ದಿಯಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಂತೆ, 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನ್ ಮತ್ತು ಟ್ಯಾಬ್‌ಗಳ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಆ ಮಾದರಿಯ ಮಾರಾಟ ನಿಂತ ಮೇಲೆ ಕನಿಷ್ಠ ಐದು ವರ್ಷ ತಂತ್ರಾಂಶ ಪರಿಷ್ಕರಣೆ, ಏಳು ವರ್ಷ ಬಿಡಿಭಾಗ ಸಿಗಬೇಕು. ಎರಡು ದಿನಕ್ಕೊಂದು ಪೂರ್ತಿ ಚಾರ್ಜ್ ಎಂದರೆ 800 ಸಲಕ್ಕೆ ನಾಲ್ಕು ವರ್ಷ ದಾಟುತ್ತದೆ. ಈ ಕಾನೂನು ನಮಗೆ ಅನ್ವಯಿಸುವುದಿಲ್ಲ. ಆದರೆ ಅದೇ ಮಾದರಿ ಇಲ್ಲಿಯೂ ಮಾರಾಟವಾಗುತ್ತಿದ್ದರೆ ಒಳಗಿನ ಬ್ಯಾಟರಿ, ತಂತ್ರಾಂಶಗಳ ಲಾಭ ನಮಗೂ ತಲುಪುವ ಸಂಭವ ಹೆಚ್ಚು. ಆದ್ದರಿಂದ ಯುರೋಪಿನಲ್ಲೂ ಮಾರುವ ಮಾದರಿಯನ್ನೇ ಆರಿಸಿ. ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಎಂದು ಕಂಪನಿಯ ಜಾಲತಾಣದಲ್ಲಿ ಓದಿಕೊಳ್ಳಿ, ಅಂಗಡಿಯವರ ಬಾಯಿಮಾತು ಸಾಲದು. ಪರಿಷ್ಕರಣೆ ನಿಂತ ಟ್ಯಾಬಿನಲ್ಲಿ ಬ್ಯಾಂಕಿನ ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ.

ಕರೆಂಟಿಲ್ಲದ ದಿನಗಳಿಗೆ ನೀವು ಹೆದರಬೇಕಿಲ್ಲ. ಇಷ್ಟು ದೊಡ್ಡ ಟ್ಯಾಬಿನ ಬ್ಯಾಟರಿ ಸಾಮಾನ್ಯವಾಗಿ 30 ವ್ಯಾಟ್-ಗಂಟೆಯ ಆಸುಪಾಸು, ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಯುಎಸ್‌ಬಿ-ಸಿ ಕಿಂಡಿ ಇದ್ದರೆ ಫೋನಿನ ಪವರ್ ಬ್ಯಾಂಕೇ ಸಾಕು. ಟ್ಯಾಬ್ ಹಾಳಾಗುವುದು ಕರೆಂಟ್ ಇಲ್ಲದೆ ಅಲ್ಲ, ಶೇ 100 ತುಂಬಿದ ಮೇಲೂ ದಿನಗಟ್ಟಲೆ ಪ್ಲಗ್ಗಿನಲ್ಲಿ, ಅದೂ ಬಿಸಿಯಲ್ಲಿ ಇರುವುದರಿಂದ. ನಿಮ್ಮ ಹಳೆಯದಕ್ಕೂ ಹೀಗೇ ಆಗಿರಬಹುದು. ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಮೊದಲ ದಿನವೇ ಹಾಕಿಬಿಡಿ. ಮಳೆಯ ವಿಷಯವೂ ಒಂದು ಮಾತು: ಪರದೆಯ ಮೇಲಿನ ನೀರಿನ ಹನಿಯನ್ನೂ ಟಚ್ ವ್ಯವಸ್ಥೆ ಬೆರಳೆಂದುಕೊಂಡು ತನ್ನಷ್ಟಕ್ಕೆ ಏನೇನೋ ಒತ್ತುತ್ತದೆ. ಅದು ದೋಷವಲ್ಲ, ಒರೆಸಿದರೆ ಸರಿಹೋಗುತ್ತದೆ. ಐಪಿ68 ಎಂದು ಬರೆದ ಟ್ಯಾಬ್ ನೀರು ತಡೆಯುತ್ತದೆ ನಿಜ, ಆದರೆ ನೀರು ಹೊಕ್ಕು ಹಾಳಾದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಮಗಳ ಕಣ್ಣಿನ ಬಗ್ಗೆ, ನಾನು ವೈದ್ಯನಲ್ಲ, ಪರದೆಯ ಕಡೆಯಿಂದ ಗೊತ್ತಿರುವಷ್ಟು ಹೇಳುತ್ತೇನೆ. ಪರದೆಯ ನೀಲಿ ಬೆಳಕು ಕಣ್ಣಿನ ಒಳಪದರ ಸುಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದಕ್ಕೆಂದು ಮಾರುವ ಕನ್ನಡಕ, ಗಾಜಿನ ಹಾಳೆಗಳಿಗೆ ದುಡ್ಡು ಹಾಕಬೇಡಿ. ಕಣ್ಣು ಉರಿಯುವುದು ಎವೆಯಿಕ್ಕುವುದು ಕಡಿಮೆಯಾಗುವುದರಿಂದ. ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷಕ್ಕೆ ಸಂಬಂಧವಿರುವುದು ಹತ್ತಿರದಿಂದ ಬಹಳ ಹೊತ್ತು ನೋಡುವುದು ಮತ್ತು ಹೊರಗಿನ ಹಗಲು ಬೆಳಕಿನಲ್ಲಿ ಕಳೆಯುವ ಹೊತ್ತು ಕಡಿಮೆಯಾಗುವುದು. ಟ್ಯಾಬನ್ನು ಸ್ಟ್ಯಾಂಡಿನ ಮೇಲೆ, ಚಾಚಿದ ಮೊಳಗೈ ದೂರದಲ್ಲಿಟ್ಟು, ಕೋಣೆಯ ದೀಪ ಹಾಕಿಕೊಂಡು ನೋಡಲಿ. ತಲೆನೋವು, ಮಂಜು ಇದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ.

ಈಗ ನಿಮ್ಮೆದುರಿನ ದಾರಿಗಳು. ಬರಲಿರುವ ಮಾದರಿಗೆ ಕಾಯುವುದರ ಅಪಾಯ ಆಗಲೇ ಹೇಳಿದೆ: ದಿನ, ಬೆಲೆ ಎರಡೂ ಅನಿಶ್ಚಿತ, ಮಗಳ ಪರೀಕ್ಷೆಯ ವರ್ಷ ನಿಲ್ಲುವುದಿಲ್ಲ. ಆದರೆ ಹೊಸದು ಬಂದಾಗ ಹಿಂದಿನ ವರ್ಷದ ಮೇಲ್ದರ್ಜೆಯ ಮಾದರಿಯ ಬೆಲೆ ಇಳಿಯುತ್ತದೆ, ದಸರಾ, ದೀಪಾವಳಿಯ ಹೊತ್ತಿಗೆ ಇನ್ನಷ್ಟು. ಇದೇ ದುಡ್ಡಿಗೆ ಹೊಸ ಮಧ್ಯಮ ದರ್ಜೆಯದ್ದು ಮತ್ತು ಹಳೆಯ ಮೇಲ್ದರ್ಜೆಯದ್ದು ಎರಡೂ ಸಿಕ್ಕರೆ ನಾನು ಹಳೆಯದನ್ನೇ ಆರಿಸುತ್ತೇನೆ. ಅಂಟಿಸಿದ ಪರದೆ, ನಿಜವಾದ ಪೆನ್, ವೇಗದ ಸಂಗ್ರಹ ಅದರಲ್ಲಿ ಸಿಗುತ್ತವೆ. ಕಳೆದುಕೊಳ್ಳುವುದು ಪರಿಷ್ಕರಣೆಯ ಒಂದು ವರ್ಷ. ನವೀಕರಿಸಿದ, ಅಂದರೆ ಮರುಮಾರಾಟದ ಟ್ಯಾಬ್ ಇನ್ನೂ ಅಗ್ಗ. ಅದರಲ್ಲಿ ಬ್ಯಾಟರಿ ಬದಲಿಸಿದ್ದಾರೆಯೇ ಎಂಬುದು ಬಿಲ್ಲಿನಲ್ಲಿ ಬರೆದಿಲ್ಲದಿದ್ದರೆ ಮುಟ್ಟಬೇಡಿ. ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಬರೆಯುವ ಟ್ಯಾಬ್‌ಗಳು ಜಗಲಿಗೆ ಅದ್ಭುತ, ಕಣ್ಣಿಗೆ ಹಿತ, ಆದರೆ ಮಗಳ ವಿಡಿಯೊ ಪಾಠ ಅದರಲ್ಲಿ ನಡೆಯದು. ಒಂದೇ ಸಾಧನ ಕೊಳ್ಳುವ ಮನೆಗೆ ಅದು ಸರಿಯಲ್ಲ. ಸಿಮ್ ಇರುವ ಮಾದರಿಗೆ ಹೆಚ್ಚಿನ ಹಣ ಬೇಡ, ಫೋನಿನ ಹಾಟ್‌ಸ್ಪಾಟ್ ಸಾಕು. ವೈಫೈ ಮಾತ್ರದ ಟ್ಯಾಬಿನಲ್ಲಿ ಯುಪಿಐ ಪಾವತಿ ಸಾಮಾನ್ಯವಾಗಿ ಆಗುವುದಿಲ್ಲ ಎಂದು ತಿಳಿದಿರಲಿ, ಮೂವರು ಬಳಸುವ ಟ್ಯಾಬಿನಲ್ಲಿ ಅದು ಇಲ್ಲದಿರುವುದೇ ಒಳ್ಳೆಯದು.

ಹಾಗಾಗಿ ನನ್ನ ಸಲಹೆ: ಕಾಯಬೇಡಿ, ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇರುವ ಕಂಪನಿಯ, ಪೆನ್ ಜೊತೆಗೆ ಬರುವ, ಕಳೆದ ವರ್ಷದ ಆಂಡ್ರಾಯ್ಡ್ ಟ್ಯಾಬ್ ಕೊಳ್ಳಿ. ಶಿವಮೊಗ್ಗಕ್ಕೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಹೋಗುವಾಗ ಫೋನಿನಲ್ಲಿ ಒಂದು ಕನ್ನಡ ಪಠ್ಯಪುಸ್ತಕದ ಪಿಡಿಎಫ್ ಇರಲಿ, ಅದನ್ನು ಟ್ಯಾಬಿಗೆ ಕಳಿಸಿ ಅಂಗಡಿಯ ಬಾಗಿಲ ಬೆಳಕಿನಲ್ಲಿ ಓದಿ ನೋಡಿ. ಅಂಗೈ ಊರಿ ‘ಸೂಕ್ಷ್ಮದರ್ಶಕ’ ಎಂದು ಬರೆದು ನೋಡಿ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ. ಉತ್ತರ ಕೊಡಲು ತಡಕಾಡಿದರೆ ಬೇರೆ ಕಂಪನಿ ನೋಡಿ.

ಉಳಿದದ್ದು ನಿಮ್ಮ ನುಡಿ ಫೈಲುಗಳು. ಅವು ಕೆಟ್ಟಿಲ್ಲ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಲಾಗಿತ್ತು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ, ಟ್ಯಾಬಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ಕೆಳಗಿನ ಇಂಗ್ಲಿಷ್ ಸಂಕೇತ ಬಯಲಾಗುತ್ತದೆ. ಯಾವ ಹೊಸ ಟ್ಯಾಬ್ ಕೊಂಡರೂ ಇದು ಬದಲಾಗದು. ಶಾಲೆಯ ಕಂಪ್ಯೂಟರಿನಲ್ಲಿ ಪರಿವರ್ತಕ ತಂತ್ರಾಂಶ ಬಳಸಿ ಅವನ್ನು ಎಲ್ಲ ಸಾಧನಗಳೂ ಓದಬಲ್ಲ ಯುನಿಕೋಡ್‌ಗೆ ಬದಲಿಸಿ. ಮೂಲ ಫೈಲನ್ನು ಅಳಿಸಬೇಡಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಎರಡು ಒತ್ತು ಬರುವ ಪದಗಳು ತಪ್ಪುವುದು ಹೆಚ್ಚು, ಸಮೀಕರಣ, ರಾಸಾಯನಿಕ ಸೂತ್ರಗಳಲ್ಲಿನ ಇಂಗ್ಲಿಷ್ ಅಕ್ಷರಗಳೂ ಕೆಲವೊಮ್ಮೆ ಕನ್ನಡವಾಗಿಬಿಡುತ್ತವೆ. ವಿಜ್ಞಾನದ ಪ್ರಶ್ನೆಪತ್ರಿಕೆಯಾದ್ದರಿಂದ ಆ ಜಾಗಗಳನ್ನು ಒಂದೊಂದಾಗಿ ಕಣ್ಣಾಡಿಸಿ ತಿದ್ದಿಕೊಂಡು, ಆಮೇಲೆ ಟ್ಯಾಬಿಗೆ ಹಾಕಿಕೊಳ್ಳಿ.